ನೀರು ಹಿಡಿಯದ ಹಾಸು

ನಮ್ಮ ಮನೆಯಲ್ಲಿ ಉಣ್ಣೆಯನ್ನು ನೇಯುತ್ತಿರಲಿಲ್ಲ, ತುಳಿಯುತ್ತಿದ್ದೆವು. ಕಾಲೇಜಿನಲ್ಲಿದ್ದ ನಾಲ್ಕು ವರ್ಷಗಳಲ್ಲಿ ಈ ಮಾತನ್ನು ನಾನು ಒಬ್ಬರ ಮುಂದೆಯೂ ಆಡಲಿಲ್ಲ. ಆದ್ದರಿಂದ ಈಗಲಾದರೂ ಕ್ರಮವಾಗಿ ಹೇಳಬೇಕೆನಿಸುತ್ತದೆ.

ಧಾರವಾಡದ ಪಕ್ಕದ ರಾಯಾಪುರದಲ್ಲಿ, ದೊಡ್ಡ ರಸ್ತೆಯಿಂದ ಒಂದು ಕೂಗಳತೆ ಒಳಗೆ ನಮ್ಮ ಮನೆಯಿತ್ತು. ಅಪ್ಪ ಕುರಿ ಕಾಯುವವರಿಂದ ಹಸಿ ಉಣ್ಣೆ ತರುತ್ತಿದ್ದರು. ಕುರಿಗಾರರು ಕತ್ತರಿಸುವ ಮುನ್ನ ಕುರಿಗಳನ್ನು ಹಳ್ಳಕ್ಕೆ ಇಳಿಸಿ ಮೈ ತೊಳೆದಿರುತ್ತಿದ್ದರು. ಉಣ್ಣೆಗೆ ಆಗುತ್ತಿದ್ದ ಸ್ನಾನ ಅದೊಂದೇ. ಅವ್ವ ಮತ್ತು ಅಕ್ಕ ಮುಳ್ಳು, ಕಸಕಡ್ಡಿ ಆರಿಸಿ ಕೈಯಿಂದ ಹಿಂಜುತ್ತಿದ್ದರು. ಅಪ್ಪ ಅದನ್ನು ಬಿಲ್ಲಿನ ಹುರಿಯಿಂದ ಮಿಡಿದು ಹಗುರಗೊಳಿಸಿ, ಚಾಪೆಯ ಮೇಲೆ ಪದರು ಪದರಾಗಿ ಹರಡಿ, ಬಿಸಿನೀರು ಚಿಮುಕಿಸಿ, ಚಾಪೆಯ ಸಮೇತ ಸುರುಳಿ ಸುತ್ತಿ ಹಗ್ಗ ಬಿಗಿಯುತ್ತಿದ್ದರು. ಅಲ್ಲಿಂದ ಮುಂದೆ ಕಾಲಿನ ಕೆಲಸ. ತೊಲೆಯಿಂದ ಇಳಿಬಿಟ್ಟ ಹಗ್ಗಗಳನ್ನು ಹಿಡಿದು ನಾಲ್ವರೂ ಸಾಲಾಗಿ ನಿಂತು, ಸುರುಳಿಯನ್ನು ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತ ತುಳಿಯಬೇಕು. ಬೆಳಿಗ್ಗೆ ಆರಂಭಿಸಿದರೆ ಮಧ್ಯಾಹ್ನ ದಾಟುವ ಹೊತ್ತಿಗೆ ಕೂದಲು ಕೂದಲನ್ನು ಹಿಡಿದುಕೊಂಡು, ದಾರವೂ ಮಗ್ಗವೂ ಇಲ್ಲದೆ ದಪ್ಪನೆಯ ಹಾಸು ಸಿದ್ಧವಾಗುತ್ತಿತ್ತು.

ಆ ಕೆಲಸದ ವಾಸನೆ ಮನೆಯ ಗೋಡೆಗಳಲ್ಲಿತ್ತು, ನಮ್ಮ ಬಟ್ಟೆಗಳಲ್ಲಿತ್ತು. ಧಾರವಾಡದ ಕಾಲೇಜಿಗೆ ಸೇರಿದ ಮೊದಲ ವಾರದಲ್ಲಿಯೇ ನನ್ನ ಪಕ್ಕದಲ್ಲಿ ಕುಳಿತವನು ಮೂಗು ಎತ್ತಿ, "ಇಲ್ಲೇ ಎಲ್ಲ್ಯೋ ಕುರಿ ಬಂದಂಗ ಐತಲ್ಲೋ" ಎಂದ. ಇಡೀ ಸಾಲು ನಕ್ಕಿತು, ನಾನೂ ನಕ್ಕೆ. ಮರುದಿನದಿಂದ ನನ್ನ ಎರಡು ಅಂಗಿಗಳನ್ನು ಮನೆಯ ಹೊರಗೆ, ಬೇವಿನ ಮರಕ್ಕೆ ತೂಗುಹಾಕತೊಡಗಿದೆ.

ಅರವತ್ತರ ದಶಕದ ಆರಂಭದಲ್ಲಿ, ನಾನು ಕೊನೆಯ ವರ್ಷದ ಪರೀಕ್ಷೆ ಮುಗಿಸಿದ್ದಾಗ, ಅಕ್ಕನ ಮದುವೆ ಗೊತ್ತಾಯಿತು. ವರನದು ಮುಗದದ ಕಡೆಯ ಮನೆ, ನಮ್ಮಂತೆಯೇ ಉಣ್ಣೆಯ ಕೆಲಸದವರು. ನಮ್ಮವರಲ್ಲಿ ವಧೂವರರು ಕೂರುವ ಹಾಸನ್ನು ಹೆಣ್ಣಿನ ಮನೆಯವರೇ ತುಳಿದು ಕೊಡಬೇಕು. ಮದುವೆಯ ಹಿಂದಿನ ದಿನ ಗಂಡಿನ ಮನೆಯ ಹಿರಿಯ ಹೆಂಗಸು ಅದನ್ನು ಪರೀಕ್ಷಿಸುತ್ತಾಳೆ. ನಾಲ್ವರು ನಾಲ್ಕು ಮೂಲೆ ಹಿಡಿದು ನಿಲ್ಲುತ್ತಾರೆ, ನಡುವೆ ಅವಳು ಒಂದು ತಂಬಿಗೆ ನೀರು ಸುರಿಯುತ್ತಾಳೆ. ಒಂದು ಎಲೆಅಡಿಕೆ ಮೆಲ್ಲುವಷ್ಟು ಹೊತ್ತು ಆ ನೀರು ಕೆಳಗೆ ಇಳಿಯಕೂಡದು. ಇಳಿದರೆ ಮನೆಯವರು ಮೈಗಳ್ಳರು, ಅರೆಮನಸ್ಸಿನಿಂದ ತುಳಿದವರು ಎಂದು ಅರ್ಥ. ಅಂಥ ಹಾಸಿನ ಮೇಲೆ ಸೊಸೆಯನ್ನು ಕೂರಿಸುವುದಿಲ್ಲ.

ಅಕ್ಕನ ಹಾಸಿಗೆಂದು ಅಪ್ಪ ಎರಡು ಕತ್ತರಿಕೆಗಳ ಬಿಳಿ ಮರಿ ಉಣ್ಣೆಯನ್ನು ಕೂಡಿಟ್ಟಿದ್ದರು. ನಮ್ಮ ಕಡೆಯ ಕುರಿಗಳು ಹೆಚ್ಚಾಗಿ ಕರಿಯವು, ಬಿಳಿ ಉಣ್ಣೆ ದುರ್ಲಭ.

ನಾನು ನನ್ನ ಕಾಲೇಜಿನ ಗುರುಗಳೊಬ್ಬರನ್ನು ಮದುವೆಗೆ ಆಮಂತ್ರಿಸಿದ್ದೆ. ಧಾರವಾಡದ ಮಾಳಮಡ್ಡಿಯ ಅವರ ಮನೆಗೆ ಹೋಗಿ, ಹೊಸ್ತಿಲ ಹೊರಗೇ ನಿಂತು, ಬಾಯಿಪಾಠ ಮಾಡಿಕೊಂಡಿದ್ದ ಮಾತುಗಳನ್ನು ಒಪ್ಪಿಸಿದ್ದೆ. ಅವರು ಬರುತ್ತೇನೆ ಎಂದುಬಿಟ್ಟರು. ಆ ದಿನದಿಂದ ನನಗೆ ನಿದ್ರೆ ಸರಿಯಾಗಿ ಹತ್ತಲಿಲ್ಲ. ಕಾಲೇಜಿನ ಗ್ರಂಥಾಲಯದಲ್ಲಿ ಉಣ್ಣೆಯ ಸಂಸ್ಕರಣೆಯ ಬಗೆಗಿನ ಒಂದು ಪುಸ್ತಕ ಸಿಕ್ಕಿತು. ಹಸಿ ಉಣ್ಣೆಯಲ್ಲಿನ ಜಿಡ್ಡನ್ನು ಅದರಲ್ಲಿ ಕಲ್ಮಶವೆಂದು ಕರೆದಿದ್ದರು. ಅದನ್ನು ಬಟ್ಟೆ ಒಗೆಯುವ ಸೋಡಾ ಬೆರೆಸಿದ ಬಿಸಿನೀರಿನಲ್ಲಿ, ಕಲಕದೆ, ನೆನೆಸಿಟ್ಟು ತೆಗೆಯುವ ವಿಧಾನವೂ ಇತ್ತು. ನಾನು ಅದನ್ನು ವಹಿಯಲ್ಲಿ ಬರೆದುಕೊಂಡೆ.

ಅಪ್ಪ ಎರಡು ದಿನ ಮುಗದಕ್ಕೆ ಮದುವೆಯ ಮಾತಿಗೆಂದು ಹೋಗಿದ್ದಾಗ ನಾನು ಹಂಡೆ ಇಟ್ಟೆ. ಅವ್ವ ತಡೆಯಲಿಲ್ಲ. ಓದಿದ ಮಗ ಮಾಡುವುದರಲ್ಲಿ ತಪ್ಪಿರಲಾರದೆಂದು ಅವಳು ನಂಬಿದ್ದಳು. ಅಕ್ಕ ಮಾತ್ರ ಬಾಗಿಲಿಗೆ ಒರಗಿ ನಿಂತು ನೋಡಿದಳು.

"ಉಣ್ಣಿಗೂ ಜಳಕಾ ಮಾಡ್ಸಾಕತ್ತಿ? ನನ್ನೂ ಇದ ಹಂಡ್ಯಾಗ ಕುದಸಿ ಬಿಡೋ. ನಾಳಿ ನಿಮ್ಮ ಗುರುಗಳ ಮೂಗಿಗೆ ನಾನೂ ಬಡದೇನಿ."

ಮೂರು ನೀರು ಬದಲಿಸಿದೆ. ಕೊನೆಗೆ ಒಣಗಿದ ಉಣ್ಣೆಯನ್ನು ಮೂಗಿಗೆ ಹಿಡಿದು ನೋಡಿದರೆ ಯಾವ ವಾಸನೆಯೂ ಇರಲಿಲ್ಲ. ಅಷ್ಟು ಬೆಳ್ಳಗಿನ ವಸ್ತು ನಮ್ಮ ಮನೆಯಲ್ಲಿ ಹಿಂದೆಂದೂ ಇರಲಿಲ್ಲ. ಅವ್ವ ಅದನ್ನು ನೋಡಲು ನೆರೆಯವರನ್ನು ಕರೆದಳು.

ಅಪ್ಪ ಬಂದವರು ಒಂದು ಚಿಟಿಕೆ ತೆಗೆದುಕೊಂಡು ಬೆರಳುಗಳ ನಡುವೆ ಉಜ್ಜಿದರು. ಬಳಿಕ ಬೆರಳುಗಳನ್ನೇ ನೋಡಿಕೊಂಡರು. ಅವು ಒಣಗಿಯೇ ಇದ್ದವು.

"ಯಾರ ಹೇಳಿದ್ರಪಾ ನಿನಗ ಇದನ್ನ?"

"ಪುಸ್ತಕದಾಗ ಐತಿ, ಅಪ್ಪಾ."

"ಪುಸ್ತಕ ಬರದಾಂವ ಮಳ್ಯಾಗ ಕುರಿ ಕಾದಾನೇನು?"

ಅಷ್ಟೇ ಅಂದರು. ಕುರಿಯ ಮೈ ಮಳೆಯಲ್ಲಿ ಒದ್ದೆಯಾಗದಂತೆ ಕಾಯುವುದು ಆ ಜಿಡ್ಡೇ, ಹಾಸಿನಲ್ಲಿ ನೀರನ್ನು ತಡೆಯುವುದೂ ಅದೇ ಎಂದು ಬಿಡಿಸಿ ಹೇಳುವ ಅಗತ್ಯ ಅವರಿಗೆ ಕಾಣಲಿಲ್ಲ. ನನಗೆ ಅದು ಹುಟ್ಟಿದಂದಿನಿಂದ ಗೊತ್ತಿರಬೇಕಾಗಿತ್ತು. ಮದುವೆಗೆ ಆರು ದಿನಗಳಿದ್ದವು. ಬೇರೆ ಬಿಳಿ ಉಣ್ಣೆ ಎಲ್ಲಿಯೂ ಸಿಗುವಂತಿರಲಿಲ್ಲ. ಅಪ್ಪ ಅದನ್ನೇ ಹರಡಿದರು. ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ನಿಲ್ಲಿಸುತ್ತಿದ್ದ ತುಳಿತವನ್ನು ಆ ಸಲ ಸಂಜೆಯವರೆಗೂ ನಡೆಸಿದರು. ನಾವು ಮೂವರೂ ಹಗ್ಗ ಬಿಟ್ಟು ಕುಳಿತ ಮೇಲೂ ಅವರೊಬ್ಬರೇ ತುಳಿಯುತ್ತಿದ್ದರು.

ಬೀಗರು ಬಂದರು. ಪರೀಕ್ಷೆ ಮಾಡುವವರು ವರನ ಸೋದರತ್ತೆ. ಎತ್ತರದ ಹೆಂಗಸು, ಕೈಬೆರಳುಗಳು ಅವ್ವನ ಬೆರಳುಗಳಂತೆಯೇ ಹಿಂಜಿ ಹಿಂಜಿ ಸವೆದವು. ಅಂಗಳದಲ್ಲಿ ಅಪ್ಪ, ನಾನು ಮತ್ತು ಗಂಡಿನ ಕಡೆಯ ಇಬ್ಬರು ಮೂಲೆಗಳನ್ನು ಹಿಡಿದೆವು. ಸುತ್ತ ಎರಡೂ ಕಡೆಯ ನೆಂಟರು ಸೇರಿದ್ದರು. ಅಕ್ಕ ಬಾಗಿಲ ಒಳಗಿದ್ದಳು.

"ಏನ್ ಬೆಳ್ಳಗ ಐತ್ರೀ ಬೀಗರ, ಬೆಳದಿಂಗಳ ಹಾಸಿದಂಗ!" ಎಂದು ಅತ್ತೆ ನೀರು ಸುರಿದು, ಎಲೆಯನ್ನು ಬಾಯಿಗಿಟ್ಟುಕೊಂಡರು.

ಹತ್ತು ಸಲ ಮೆದ್ದಿರಲಿಕ್ಕಿಲ್ಲ. ಸಾರಿಸಿದ ನೆಲದ ಮೇಲೆ ಮೊದಲ ಹನಿ ಬಿತ್ತು, ಅದರ ಬೆನ್ನಿಗೇ ಇನ್ನೊಂದು. ಆಮೇಲೆ ನೀರು ಎಳೆ ಹಿಡಿದು ಇಳಿಯಿತು. ಅತ್ತೆ ಮೆಲ್ಲುವುದನ್ನು ನಿಲ್ಲಿಸಿ ಅಪ್ಪನನ್ನು ನೋಡಿದರು.

"ಯಾಕ್ರೀ, ತುಳ್ಯಾಕ ಕಾಲ ದಣದಿದ್ವೇನು?"

"ವಯಸ್ಸಾತ್ರೀ ಅಕ್ಕಾರ," ಎಂದರು ಅಪ್ಪ. "ಮೊದಲಿನಂಗ ಆಗೂದಿಲ್ಲ."

ಅವರ ತಲೆ ತಗ್ಗಿತ್ತು. ಮೂಲೆ ಹಿಡಿದ ಅವರ ಕೈ ಮಾತ್ರ ಅಲುಗಲಿಲ್ಲ. ನಲವತ್ತು ವರ್ಷ ಹಾಸು ತುಳಿದ ಮನುಷ್ಯ ಅಷ್ಟು ಜನರ ಮುಂದೆ ತಮ್ಮ ತುಳಿತದ್ದೇ ತಪ್ಪೆಂದು ಒಪ್ಪಿಕೊಂಡಿದ್ದರು. ನಾನು ಸುಮ್ಮನಿದ್ದರೆ ಅದೇ ಉಳಿಯುತ್ತಿತ್ತು. ಭಯವಾದಾಗ ನನಗೆ ಪುಸ್ತಕದ ಭಾಷೆಯೊಂದೇ ನೆನಪಿಗೆ ಬರುತ್ತದೆ.

"ದಯವಿಟ್ಟು ಕ್ಷಮಿಸಬೇಕು. ಉಣ್ಣೆಯಲ್ಲಿದ್ದ ಜಿಡ್ಡಿನ ಅಂಶವನ್ನು ನಾನೇ ಸೋಡಾದ ಮೂಲಕ ನಿವಾರಿಸಿದ್ದೇನೆ. ಇದರಲ್ಲಿ ತಂದೆಯವರ ದೋಷ ಲೇಶವೂ ಇಲ್ಲ."

ಅತ್ತೆ ಸುತ್ತಲೂ ನೋಡಿದರು. "ಏನಂತಾನವ್ವಾ ಇಂವ? ರೇಡಿಯೋದಾಗ ಸುದ್ದಿ ಓದಿದಂಗ ಓದಿದಾ!"

ಒಳಗಿನಿಂದ ಅಕ್ಕನ ದನಿ ಬಂತು. "ಸೋಡಾದಾಗ ಕುದಸಿ ಜಿಡ್ಡ ತಗದಾನಂತ್ರೀ, ಅತ್ತಿ. ವಾಸನಿ ಬರತೈತಿ ಅಂತ."

ನೆಂಟರಲ್ಲಿ ನಗು ಎದ್ದು ಅಂಗಳ ತುಂಬಿತು. ಅತ್ತೆ ನಗಲಿಲ್ಲ. ಬಗ್ಗಿ ಹಾಸಿನ ಅಂಚನ್ನು ಎರಡೂ ಕೈಗಳಿಂದ ಜಗ್ಗಿ ನೋಡಿದರು, ಉಗುರಿನಿಂದ ಗೀರಿದರು. ಒಂದು ಎಳೆಯೂ ಏಳಲಿಲ್ಲ.

"ತುಳಿದದ್ದು ಖರೇ ಐತಿ," ಎಂದರು ಅಪ್ಪನಿಗೆ. ಬಳಿಕ ನನ್ನ ಕಡೆ ತಿರುಗಿದರು. "ಆದ್ರ ಇದರ ಮ್ಯಾಲೆ ನಮ್ಮ ಸೊಸಿನ್ನ ಕೂಡಸೂದಿಲ್ಲ. ಮನ್ಯಾಗ ಬ್ಯಾರೆ ಹಾಸು ಐತೇನು?"

ಇದ್ದುದು ಒಂದೇ, ಅಪ್ಪ ಮಲಗುತ್ತಿದ್ದ ಕರಿಯ ಹಾಸು. ಅಕ್ಕನೂ ನಾನೂ ಹುಟ್ಟಿದ್ದು ಅದರ ಮೇಲೆಯೇ. ಅವ್ವ ಹಿಂಜರಿಯುತ್ತ ಅದನ್ನು ಹೊರಗೆ ತಂದು ಕೊಡವಿದಾಗ, ನಾನು ನಾಲ್ಕು ವರ್ಷ ಬೇವಿನ ಮರದಲ್ಲಿ ಗಾಳಿಗೆ ಬಿಟ್ಟು ಕಳೆದುಕೊಳ್ಳಲು ಯತ್ನಿಸಿದ ವಾಸನೆ ಅಂಗಳದ ತುಂಬ ಹರಡಿತು. ಅತ್ತೆ ನೀರು ಸುರಿದರು. ಎಲೆಅಡಿಕೆ ಮೆದ್ದು ಉಗಿದು, ಅವ್ವನೊಡನೆ ಅಡುಗೆಯ ಮಾತು ಮುಗಿಸಿ ಬಂದರೂ ನೀರು ಸುರಿದಷ್ಟೂ ಹಾಗೆಯೇ ನಿಂತಿತ್ತು. ಮರುದಿನ ಅಕ್ಕ ಅದರ ಮೇಲೆಯೇ ಕುಳಿತಳು. ಗುರುಗಳು ಬಂದಿದ್ದರು, ಮುಂದಿನ ಸಾಲಿನಲ್ಲಿಯೇ ಇದ್ದರು. ನಾನು ಮುಹೂರ್ತವನ್ನು ನೋಡಲಿಲ್ಲ. ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಅಕ್ಷತೆ ಹಾಕಿದರು, ಎರಡು ಹೋಳಿಗೆ ಉಂಡರು, ಮೂರು ಗಂಟೆಯ ಬಸ್ಸು ಹಿಡಿದು ಹೋದರು.

ವಧು ಕುಳಿತ ಹಾಸು ವಧುವಿನೊಡನೆ ಹೋಗಬೇಕಾದ್ದರಿಂದ ಕರಿಯದು ಮುಗದಕ್ಕೆ ಹೋಯಿತು. ಅಪ್ಪ ಬಿಳಿಯ ಹಾಸಿನ ಮೇಲೆ ಮಲಗತೊಡಗಿದರು. ಹೊಸದೊಂದನ್ನು ತುಳಿದುಕೊಡುತ್ತೇನೆ ಎಂದು ನಾನು ಹೇಳಿದಾಗಲೆಲ್ಲ, "ಇರಲಿ, ಛಲೋ ಐತಿ, ಮೆತ್ತಗ ಐತಿ," ಎನ್ನುತ್ತಿದ್ದರು. ಮಳೆಗಾಲದಲ್ಲಿ ನೆಲದ ತೇವ ಅದರೊಳಗೆ ಏರುತ್ತಿದ್ದುದು, ಬೆಳಿಗ್ಗೆ ಅವ್ವ ಅದನ್ನು ಒಲೆಯ ಬಳಿ ಹರಡುತ್ತಿದ್ದುದು ನನಗೆ ಗೊತ್ತಿತ್ತು. ನಾನು ಆಗ ಧಾರವಾಡದಲ್ಲಿ ಶಿಕ್ಷಕನಾಗಿದ್ದೆ, ವಾರಕ್ಕೊಮ್ಮೆ ಬರುತ್ತಿದ್ದೆ.

ಆ ದಶಕ ಮುಗಿಯುವ ಮೊದಲೇ ಅಪ್ಪ ತೀರಿಕೊಂಡರು. ದಿನಕರ್ಮಗಳು ಮುಗಿದ ಮೇಲೆ ಅವರ ಹಾಸಿಗೆಯನ್ನು ಯಾರಿಗಾದರೂ ಕೊಡಬೇಕಾಗಿತ್ತು. ಬಿಳಿ ಈಗ ಬಿಳಿಯಾಗಿರಲಿಲ್ಲ. ನಡುವೆ, ಅವರು ಮಲಗುತ್ತಿದ್ದಷ್ಟು ಜಾಗ, ಬೆವರಿನಿಂದ, ತಲೆಯ ಎಣ್ಣೆಯಿಂದ, ಹಗಲೆಲ್ಲ ಉಣ್ಣೆ ಮುಟ್ಟಿದ ಮೈಯಿಂದ ಕಂದಿ, ಜಿಡ್ಡು ಹಿಡಿದು ಮಿರುಗುತ್ತಿತ್ತು. ಅಕ್ಕ ಅದನ್ನು ಸ್ವಲ್ಪ ಹೊತ್ತು ಕೈಯಿಂದ ಸವರಿದಳು.

"ಹಿಡೀ ಅತ್ಲಾಗ," ಎಂದಳು ನನಗೆ. "ಯವ್ವಾ, ತಂಬಿಗಿ ತಾ."

ಎರಡು ಮೂಲೆ ಅವಳು, ಎರಡು ಮೂಲೆ ನಾನು. ಅವ್ವ ಸುರಿದಳು. ಅಂಚಿನತ್ತ ಹರಿದ ನೀರು ಹನಿ ಹನಿಯಾಗಿ ನನ್ನ ಪಾದದ ಮೇಲೆ ಬಿತ್ತು. ನಡುವಿನದು ನಿಂತಿತು. ಎಲೆಅಡಿಕೆ ಯಾರ ಬಾಯಿಯಲ್ಲಿಯೂ ಇರಲಿಲ್ಲ, ಎಷ್ಟು ಹೊತ್ತೆಂದು ಅಳೆಯುವವರೂ ಇರಲಿಲ್ಲ. ತೋಳು ನೋಯುತ್ತಿತ್ತು. ಅಕ್ಕ ತಾನಾಗಿ ಇಳಿಸುವವರೆಗೆ ನಾನು ನನ್ನ ಎರಡು ಮೂಲೆಗಳನ್ನು ಬಿಡಲಿಲ್ಲ.