ನೊರೆಯಣ್ಣನ ಕೈ

ಗಂಟಲ ಆಪರೇಷನ್ ಆದಮೇಲೆ ನೊರೆಯಣ್ಣ ಒಂದು ಅಗುಳನ್ನೂ ನುಂಗಲಾರದವನಾದ. ಭಾವಮೈದುನ ಆಡಿದ ಆ ಒಂದು ಮಾತನ್ನು ನುಂಗಿಕೊಳ್ಳಲಂತೂ ಸುತರಾಂ ಒಪ್ಪಲಿಲ್ಲ.

ನೊರೆಯಣ್ಣ ಕ್ಷೌರದಂಗಡಿಯವನು. ಬ್ರಶ್ ತಿರುಗಿಸಿ ಅವನು ಎಬ್ಬಿಸುತ್ತಿದ್ದ ನೊರೆ ನೋಡಿ ಗಿರಾಕಿಗಳು ಇಟ್ಟ ಹೆಸರದು. ಹೆಂಡತಿಯ ತಮ್ಮನನ್ನು ಅಂಗಡಿಗೆ ಸೇರಿಸಿಕೊಂಡು, ಕತ್ತಿ ಮಸೆಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದ್ದ. ಆಸ್ಪತ್ರೆಯಲ್ಲಿ ನೊರೆಯಣ್ಣನ ಹೊಟ್ಟೆಗೆ ಸಣ್ಣ ನಳಿಗೆಯೊಂದನ್ನು ಇಟ್ಟಿದ್ದರು. ಪುಡಿ ಕಲಸಿದ ಆಹಾರವನ್ನು ಸಿರಿಂಜಿನಿಂದ ಅದರೊಳಕ್ಕೆ ಬಿಟ್ಟುಕೊಳ್ಳಬೇಕು. ಹಾಗೆ ಬಿಟ್ಟುಕೊಂಡೇ ಅಂಗಡಿಗೆ ಹೋದ. ಕೈ ನಡುಗಿತು, ಗಿರಾಕಿಯ ಕೆನ್ನೆಯಲ್ಲಿ ರಕ್ತ ಜಿನುಗಿತು. ಭಾವಮೈದುನ ಇದಕ್ಕೇ ಕಾದಿದ್ದವನಂತೆ ಕತ್ತಿ ಕಿತ್ತುಕೊಂಡ.

"ಬೆಂಚಲ್ಲಿ ಕೂತ್ಕೊಳ್ಳಿ ಭಾವ. ಈ ಕೈಗೆ ಕುತ್ತಿಗೆ ಕೊಡೋರು ಯಾರು?"

ತುಂಬಿದ ಅಂಗಡಿ ನಕ್ಕಿತು. ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ. ಅಷ್ಟಕ್ಕೇ ಸುಮ್ಮನಾಗದೆ, ಬೋರ್ಡಿನಲ್ಲಿ ತನ್ನ ಹೆಸರು ಬರೆಸಲು ಪೇಂಟರನ್ನೂ ಗೊತ್ತುಮಾಡಿದ.

"ನನ್ನ ತಮ್ಮ ನಿಮ್ಮ ಒಳ್ಳೇದಕ್ಕೇ ಹೇಳಿದ್ದು," ಎಂದಳು ಹೆಂಡತಿ. ನೊರೆಯಣ್ಣ ಹಲ್ಲು ಕಡಿದ.

ಮುಂದಿನ ತಪಾಸಣೆಗೆ ಹೋದಾಗ, ವಾರ್ಡಿನವರೆಲ್ಲ 'ಪಥ್ಯದ ಮೇಡಂ' ಎನ್ನುತ್ತಿದ್ದಾಕೆ ಅವನ ತೂಕ ನೋಡಿ ಗಾಬರಿಯಾದಳು. "ಪುಡಿ ಹೇಗೆ ಕಲಸ್ತೀರಿ? ಮಾಡಿ ತೋರ್ಸಿ."

ಅವನು ಚೂರೇ ಪುಡಿಗೆ ಕಣ್ಣಂದಾಜಿಗೆ ನೀರು ಸುರಿದು, ಬ್ರಶ್ ತಿರುಗಿಸಿದಂತೆ ಚಮಚ ತಿರುಗಿಸಿ ಸೊಗಸಾಗಿ ನೊರೆ ಬರಿಸಿದ. ನೊರೆ ಬಂದರೆ ಹದ ಬಂತು ಎಂದೇ ಜೀವಮಾನವೆಲ್ಲ ನಂಬಿದವನು.

"ಅಯ್ಯೋ ಪುಣ್ಯಾತ್ಮ, ಇಷ್ಟು ದಿನ ಬರೀ ನೀರು, ಗಾಳಿ ತುಂಬ್ಕೊಂಡಿದ್ದೀರಲ್ಲ! ಕೈ ನಡುಗ್ತಿರೋದು ಹಸಿವಿಗೆ. ಅಳತೆ ಚಮಚ ಕೊಟ್ಟಿದ್ದು ಬೆನ್ನು ತುರಿಸ್ಕೊಳ್ಳೋಕಾ?"

"ಅಳತೆ ಪ್ರಕಾರ ಹಾಕ್ಕೊಂಡ್ರೆ ಕತ್ತಿ ಹಿಡೀಬಹುದಾ?"

"ಮೈಗೆ ಬಲ ಬಂದ್ರೆ ಯಾಕಾಗಲ್ಲ? ನೆಟ್ಟಗೆ ಕೂತು, ನಿಧಾನಕ್ಕೆ ಬಿಟ್ಕೊಳ್ಳಿ. ಯಾಕಷ್ಟು ಅವಸರ?"

"ಒಬ್ಬನ ಕುತ್ತಿಗೆ ಬಾಕಿ ಇದೆ."

ಅಂದಿನಿಂದ ಪ್ರತಿ ಸಿರಿಂಜನ್ನೂ ಭಾವಮೈದುನನ ಮುಖ ನೆನೆದೇ ಒತ್ತಿದ. ಹೆಂಡತಿಗೆ ಮುಟ್ಟಗೊಡಲಿಲ್ಲ, ಕಲಸುವುದು, ಬಿಡುವುದು, ನಳಿಗೆ ತೊಳೆಯುವುದು, ಎಲ್ಲ ತಾನೇ. ತೋಳಿನಲ್ಲಿ ಕಸುವು ಕೂಡುತ್ತಲೇ ಬಲೂನಿಗೆ ಮೀಸೆ ಬರೆದು, ನೊರೆ ಹಚ್ಚಿ, ಬೋಳಿಸತೊಡಗಿದ. ಮೊದಮೊದಲು ಢಮ್ಮೆಂದವು. ಕೊನೆಗೊಂದು ಬಲೂನು ನುಣ್ಣಗೆ ಬೋಳಾಗಿ ಹಾಗೇ ಉಳಿಯಿತು. ನೊರೆಯಣ್ಣ ಅದಕ್ಕೆ ಮುತ್ತು ಕೊಡುವುದೊಂದು ಬಾಕಿ.

ಪೇಂಟರ್ ಬರಬೇಕಿದ್ದ ದಿನ ಬೆಳಗ್ಗೆ ಅಂಗಡಿಗೆ ಹೋದ. ಆ ಅಂಗಡಿಯಲ್ಲಿ ಮೊದಲಿನಿಂದಲೂ ಒಂದು ಪದ್ಧತಿ: ಅಲ್ಲಿ ಕತ್ತಿ ಹಿಡಿಯುವವರಲ್ಲಿ ಒಬ್ಬರ ಗಡ್ಡ ಇನ್ನೊಬ್ಬರು ಹೆರೆಯಬೇಕು, ಬಟ್ಟೆ ಕೊಡವಿ ಕರೆದರೆ ಒಲ್ಲೆ ಎನ್ನುವಂತಿಲ್ಲ. ನೊರೆಯಣ್ಣ ಬಟ್ಟೆ ಕೊಡವಿದ.

"ಬಾ."

ಭಾವಮೈದುನ ಗಿರಾಕಿಗಳ ಕಡೆ ನೋಡಿದ. ಎಲ್ಲರೂ ಇವನನ್ನೇ ನೋಡುತ್ತಿದ್ದರು. ಕೂರದೆ ವಿಧಿಯಿರಲಿಲ್ಲ.

ನೊರೆಯಣ್ಣ ನೊರೆ ಹಚ್ಚಿ, ಒಂದು ಕಡೆಯ ಕೆನ್ನೆ ಹೆರೆದು, ಅದೇ ಕಡೆಯ ಮೀಸೆಯನ್ನೂ ಸರಕ್ಕನೆ ಬೋಳಿಸಿದ. ಭಾವಮೈದುನ ಬಾಯಿ ತೆರೆಯುವಷ್ಟರಲ್ಲಿ ಕತ್ತಿ ಗಂಟಲ ಗಂಟಿನ ಮೇಲಿತ್ತು. ಕೂದಲೆಳೆಯಷ್ಟೂ ಅಲುಗಲಿಲ್ಲ.

"ಈಗ ಹೇಳೋ, ಈ ಕೈಗೆ ಕುತ್ತಿಗೆ ಕೊಡೋರು ಯಾರು?"

ಮಾತಾಡುವಂತಿಲ್ಲ, ತಲೆಯಾಡಿಸುವಂತಿಲ್ಲ, ಉಗುಳನ್ನೂ ನುಂಗುವಂತಿಲ್ಲ. ನುಂಗಲಾಗದವನ ಪಾಡೇನೆಂದು ಅವನಿಗೂ ಕೊಂಚ ತಿಳಿಯಲಿ ಎಂದು ನೊರೆಯಣ್ಣ ಕತ್ತಿಯನ್ನು ಅಲ್ಲೇ ಇಟ್ಟುಕೊಂಡು ನಿಂತ. ಅಂತಹ ಸುಖ ಅವನಿಗೆ ವರ್ಷಗಳಿಂದ ಸಿಕ್ಕಿರಲಿಲ್ಲ.

ಆಮೇಲೆ ಕತ್ತಿ ಮಡಿಸಿದ. "ನನಗೆ ಊಟದ ಹೊತ್ತು."

ಬೆಂಚಿನ ಮೇಲೆ ನೆಟ್ಟಗೆ ಕೂತು, ಅಳತೆ ನೋಡಿ ಕಲಸಿ, ಅಂಗಿ ಎತ್ತಿ, ಎಲ್ಲರೆದುರೇ ಹನಿಹನಿಯಾಗಿ ಬಿಟ್ಟುಕೊಳ್ಳತೊಡಗಿದ. ಮೇಡಂ ಹೇಳಿದ 'ನಿಧಾನ'ವನ್ನು ಅಷ್ಟು ಭಕ್ತಿಯಿಂದ ಅವನು ಎಂದೂ ಪಾಲಿಸಿರಲಿಲ್ಲ. ಭಾವಮೈದುನನ ಕೆನ್ನೆಯ ಮೇಲೆ ನೊರೆ ಒಣಗಿ ಬಿರುಕುಬಿಟ್ಟಿತು. ಈ ಸಲವೂ ಅಂಗಡಿ ನಕ್ಕಿತು.

ಪೇಂಟರ್ ಡಬ್ಬಿ ಹಿಡಿದು ಬಂದ. "ಬೋರ್ಡಿಗೆ ಯಾರ ಹೆಸರು ಬರೀಲಿ?"

"ಅವನನ್ನೇ ಕೇಳು," ಎಂದ ನೊರೆಯಣ್ಣ.

ಭಾವಮೈದುನ ಕನ್ನಡಿಯಲ್ಲಿ ತನ್ನ ಅರ್ಧ ಮೀಸೆ ನೋಡಿಕೊಂಡ. "ಭಾವನ ಹೆಸರೇ ಇರ್ಲಿ," ಎಂದವನು, ದನಿ ತಗ್ಗಿಸಿ ಬೇಡಿಕೊಂಡ: "ಭಾವ, ಉಳಿದಿರೋ ಮೀಸೆನಾದ್ರೂ ಬಿಟ್ಬಿಡಿ."

ನೊರೆಯಣ್ಣ ಸಿರಿಂಜನ್ನು ತೊಳೆದಿಟ್ಟು, ಕೈ ಒರೆಸಿಕೊಂಡು ಎದ್ದ. ಬಿಟ್ಟನೇ? ಬಿಡಲಿಲ್ಲ.