ಮೇಘಾಲಯದಲ್ಲಿ ಉಂಟು, ನಮ್ಮ ಮನೆಯಲ್ಲಿ ಇಲ್ಲ

ಸ್ನೇಹಿತರೇ, ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಮನೆಯಲ್ಲಿ ಇವತ್ತಿನಿಂದ ಅಳಿಯಕಟ್ಟು, ಅಂದರೆ ಅಳಿಯಸಂತಾನ ಪದ್ಧತಿ, ರದ್ದು.

ಮಗಳು ಹನ್ನೆರಡನೇ ತರಗತಿಯಲ್ಲಿ ಸಮಾಜಶಾಸ್ತ್ರ ಓದುತ್ತಾಳೆ. ತಾಯಿಯಿಂದ ವಂಶ ಎಣಿಸುವವರಿಗೆ ಉದಾಹರಣೆ ಕೊಡಿ ಎಂಬ ಪ್ರಶ್ನೆಗೆ, ಕಾಲೇಜಿನ ಪರೀಕ್ಷೆಯಲ್ಲಿ ನಮ್ಮನ್ನೇ ಬರೆದಿದ್ದಳು: ಉಡುಪಿ ಕಡೆಯವರು, ನನ್ನ ಬಳಿ, ಅಂದರೆ ಕುಲ, ಅಮ್ಮನದು, ಅಮ್ಮನದು ಅಜ್ಜಿಯದು. ಮೇಡಂ ಅದರ ಮೇಲೆ ಕೆಂಪು ಗೀಟು ಎಳೆದಿದ್ದರು.

ಪಿತ್ತ ನೆತ್ತಿಗೇರಿ ಕಾಲೇಜಿಗೇ ಹೋದೆ.

"ಮೇಘಾಲಯ ಔರ್ ಕೇರಳ. ಬುಕ್ ಮೇ ಇತನಾ ಹೀ ಹೈ" ಎಂದರು ಮೇಡಂ. ಪುಸ್ತಕದಲ್ಲಿ ಇರುವುದು ಅಷ್ಟೇ ಅಂತೆ.

"ಉದಾಹರಣೆ ನಿಮ್ಮ ಎದುರಿಗೇ ಕೂತಿದೆಯಲ್ಲ" ಎಂದು ನನ್ನ ಹರುಕು ಹಿಂದಿಯಲ್ಲಿ ಹೇಳಿದೆ. ಅವರು ತಲೆ ಎತ್ತಲಿಲ್ಲ.

ಜೊತೆಗಿದ್ದ ಮಗಳೇ ನನ್ನ ಕೈ ಎಳೆದಳು. "ಅಮ್ಮಾ, ಛೋಡೋ ನಾ. ಬೋರ್ಡ್ ಎಕ್ಸಾಮ್‌ನಲ್ಲಿ ನಾನು ಮೇಘಾಲಯ ಬರೀತೇನೆ."

ಸಂಜೆ ಪುಸ್ತಕದ ಆ ಉತ್ತರವನ್ನೇ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಳು. ಮೇಘಾಲಯದಲ್ಲಿಯೂ ತಾಯಿಯಿಂದಲೇ ವಂಶ ಎಣಿಸುತ್ತಾರಂತೆ ಎಂದು ನಾನು ಅದರ ಅರ್ಥ ಹೇಳಿದ್ದಕ್ಕೆ, ನಮ್ಮ ಜೊತೆಗೇ ಇರುವ ನನ್ನ ತಾಯಿಗೆ ಖುಷಿಯೋ ಖುಷಿ.

"ಹೌದಾ ಮಾರಾಯ್ತಿ! ಅಷ್ಟು ದೂರದಲ್ಲಿ ಸಹ ನಮ್ಮ ಹಾಗಿನವರು ಇದ್ದಾರಾ?"

"ಇದ್ದಾರಂತೆ ಅಮ್ಮ. ನಾವೇ ಇಲ್ಲವಂತೆ."