ಬರುವ ಪಂಚಮಿಗೆ

ಮೊನ್ನೆ ನನ್ನ ತಮ್ಮ ಹಳೆಯ ಟ್ರಂಕಿನ ತಳದಿಂದ ಒಂದು ನೀಲಿ ಇನ್‌ಲ್ಯಾಂಡ್ ಪತ್ರ ತೆಗೆದು ನನ್ನ ಕೈಗಿತ್ತ. ಮಡಿಕೆ ಬಿಚ್ಚಿದರೆ ತಂಬಾಕಿನ ಘಾಟು ಮೂಗಿಗೆ ಬಡಿಯಿತು. ಅಕ್ಕೋಳದ ನಮ್ಮ ಮನೆಯಲ್ಲಿ ಎಲ್ಲಕ್ಕೂ ಅದೇ ವಾಸನೆ. ಪಡಸಾಲೆಯ ಒಂದು ಮಗ್ಗುಲಿಗೆ ತಂಬಾಕಿನ ಚೀಲ ಒಟ್ಟಿರುತ್ತಿದ್ದರು; ಹಾಸಿಗೆ, ಪುಸ್ತಕ, ರೊಟ್ಟಿಯ ಬುಟ್ಟಿಗೂ ಆ ಘಾಟು ಹತ್ತಿಕೊಂಡಿರುತ್ತಿತ್ತು. ಶಾಯಿ ಚೆಲ್ಲಿ ಕೆಟ್ಟದ್ದರಿಂದ ಅಂಚೆಗೆ ಹಾಕದೆ ಉಳಿದ ಪತ್ರವದು. ತಮ್ಮ ಅದರ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದ: ‘ಬರುವ ದೀಪಾವಳಿಯೊಳಗೆ ನಿನ್ನ ಉಡಿ ತುಂಬಲಿ, ಸಕಲ ಸುಖ ಪ್ರಾಪ್ತವಾಗಲಿ ಎಂದು ಹಾರೈಸುವ ನಿನ್ನ ತಂದೆ.’ ಆಗಿನವರ ಬರವಣಿಗೆಯಲ್ಲಿ ಎಂಥ ಸಂಸ್ಕಾರವಿತ್ತು ನೋಡು ಎಂದು ಕಣ್ಣರಳಿಸಿದ. ನನಗೆ ಅದನ್ನು ಅಲ್ಲೇ ಹರಿದು ಒಲೆಗೆ ಹಾಕಬೇಕೆನಿಸಿತು. ಸಂಸ್ಕಾರವಂತೆ. ಆ ಅಕ್ಷರ ನನ್ನದು, ಹನ್ನೊಂದು ವರ್ಷದವಳಿದ್ದಾಗಿನದು. ಆ ಹಾರೈಕೆಯ ಹಿಂದೆ ಏನಿತ್ತು ಎಂಬುದು ನನಗೆ ಗೊತ್ತು.

ಅಜ್ಜ ಕಲಿತದ್ದು ಮರಾಠಿ ಶಾಲೆಯಲ್ಲಿ. ನಮ್ಮ ಕಡೆ ಆ ಕಾಲದವರು ಬಹಳ ಮಂದಿ ಹಾಗೆಯೇ. ಆಡುವ ಮಾತು ಕನ್ನಡ, ಬರೆಯುವ ಅಕ್ಷರ ಮರಾಠಿ. ಅಪ್ಪನ ತಂಗಿ ಸುಶೀಲತ್ತಿ ಮಾತ್ರ ಕನ್ನಡ ಶಾಲೆಗೆ ಹೋದವಳು. ಅವಳನ್ನು ಪಾಲಬಾವಿಗೆ ಕೊಟ್ಟಿದ್ದರು. ಅವಳ ಪತ್ರ ಬಂದರೆ ಅಜ್ಜನಿಗೆ ಓದಿ ಹೇಳುವವಳು ನಾನು, ಅವನು ಹೇಳಿದ ಉತ್ತರ ಬರೆಯುವವಳೂ ನಾನು. ಅಪ್ಪನಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಆದರೆ ತಂಗಿಯ ಪತ್ರ ಬಂದ ದಿನ ಅವನಿಗೆ ಹೊಲದಲ್ಲಿ ಕೆಲಸ ಹೆಚ್ಚಾಗಿಬಿಡುತ್ತಿತ್ತು.

ನಾಗರ ಪಂಚಮಿಗೆ ಅಣ್ಣ ಹೋಗಿ ತಂಗಿಯನ್ನು ತವರಿಗೆ ಕರೆತರುವುದು ನಮ್ಮ ರೂಢಿ. ಮದುವೆಯಾದ ಮೊದಲ ವರ್ಷ ಅತ್ತಿ ಬಂದಾಗ ಅವಳ ಮೊಳಕೈ ಮೇಲೆ ಸುಟ್ಟ ಬರೆಯಿತ್ತು. ಒಲೆ ತಗುಲಿದೆ ಎಂದು ಮನೆಯವರೆಲ್ಲ ಹೇಳಿದರು. ಅವಳೊಬ್ಬಳು ಹಾಗೆ ಹೇಳಲಿಲ್ಲ. ಮರುವರ್ಷದಿಂದ ಅಜ್ಜ ಅವಳನ್ನು ಕರೆಸುವುದನ್ನು ಬಿಟ್ಟ. ಬಂದವಳು ತಿರುಗಿ ಹೋಗದಿದ್ದರೆ ಕಿರಿಯ ಮಗಳಿಗೆ ಗಂಡು ಸಿಗುವುದಿಲ್ಲ ಎಂಬ ಅಂಜಿಕೆ ಅವನಿಗೆ. ಬರುವ ಪಂಚಮಿಗೆ ಅಣ್ಣನನ್ನು ಕಳಿಸಿ, ಆಯಿಯ, ಎಂದರೆ ನನ್ನ ಅಜ್ಜಿಯ, ಕೈಯ ತಂಬಿಟ್ಟು ತಿನ್ನುವ ಆಸೆಯಾಗಿದೆ ಎಂದು ಅವಳು ಬರೆದರೆ, ಬರುವ ದೀಪಾವಳಿಗೆ ನೋಡೋಣ ಎಂದು ಇವನು ಬರೆಸುತ್ತಿದ್ದ. ದೀಪಾವಳಿಗೆ ಕೇಳಿದರೆ ಬರುವ ಯುಗಾದಿ. ಅಡಿಕೆ ಕತ್ತರಿಸುತ್ತ, ಒಂದೊಂದೇ ಶಬ್ದ ಆರಿಸಿ ಹೇಳುತ್ತಿದ್ದ. ಆ ‘ಬರುವ’ ಎಂಬ ಶಬ್ದ ಕೇಳಿದರೆ ಇವತ್ತಿಗೂ ನಾನು ಹಲ್ಲು ಕಚ್ಚುತ್ತೇನೆ.

ಮೂರನೆಯ ವರ್ಷ ಬಂದ ಪತ್ರದಲ್ಲಿ ಹೆಚ್ಚೇನೂ ಇರಲಿಲ್ಲ. ಈ ಪಂಚಮಿಗಾದರೂ ಕರೆಯಿರಿ ಎಂದಷ್ಟೇ ಇತ್ತು. ಅಜ್ಜ ಎಂದಿನಂತೆ ದೀಪಾವಳಿಯ ಮಾತು ಹೇಳಿದ. ನಾನು ಬರೆದದ್ದು ಬೇರೆ. ಅತ್ತಿ, ಈ ಪಂಚಮಿಗೆ ಬಂದುಬಿಡು, ಅಜ್ಜ ಬಾ ಎಂದಿದ್ದಾನೆ, ಅಣ್ಣನ ಹಾದಿ ಕಾಯಬೇಡ ಎಂದು ಬರೆದೆ. ಓದು ನೋಡೋಣ ಎಂದಾಗ ಅವನ ಮಾತನ್ನೇ ಅವನಿಗೆ ಒಪ್ಪಿಸಿದೆ. ಅಂಟು ನೆಕ್ಕಿ ಮುಚ್ಚಿ, ಶಾಲೆಗೆ ಹೋಗುವಾಗ ಅಂಚೆ ಡಬ್ಬಿಗೆ ಹಾಕಿದೆ.

ಪಂಚಮಿಯ ಹಿಂದಿನ ದಿನ ಮಧ್ಯಾಹ್ನ ಅತ್ತಿ ಒಬ್ಬಳೇ ಬಂದಳು. ಮೂರು ಬಸ್ಸು ಬದಲಿಸಿ ಬಂದವಳ ಮುಖ ಬಿಸಿಲಿಗೆ ಕಂದಿತ್ತು, ಆದರೆ ನಗುತ್ತಿತ್ತು. ಕಾಲಿಗೆ ನೀರು ತಂದ ಆಯಿ ತಂಬಿಗೆ ಹಿಡಿದು ಹಾಗೇ ನಿಂತಳು, ಏಕೆಂದರೆ ಅಜ್ಜ ಹೊಸ್ತಿಲಿಗೆ ಅಡ್ಡ ಬಂದಿದ್ದ.

“ಯಾರು ಕರದಿದ್ರು ನಿನ್ನ?”

“ನೀವ ಕರದೀರಲ್ರಿ, ಅಪ್ಪಾ,” ಎಂದು ಅವಳು ಪತ್ರ ಕೊಟ್ಟಳು.

ಅಜ್ಜ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಕೈಗಿಟ್ಟು ಓದು ಎಂದ. ಅಪ್ಪ ನನ್ನ ಬೆನ್ನ ಹಿಂದೆಯೇ ಕಂಬಕ್ಕೆ ಒರಗಿ ನಿಂತಿದ್ದ. ನಾನು ಕಾಗದದಲ್ಲಿದ್ದದ್ದನ್ನು ಓದಲಿಲ್ಲ. ಬರುವ ದೀಪಾವಳಿಗೆ ನೋಡೋಣ, ನಿನ್ನ ಉಡಿ ತುಂಬಲಿ ಎಂದು ಅಜ್ಜ ಹೇಳಿದ್ದನ್ನೇ ಓದಿಬಿಟ್ಟೆ. ಅತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನಾನು ಇಷ್ಟು ವರ್ಷ ಉರಿಯುತ್ತಿರಲಿಲ್ಲ.

“ನಾನ ತಪ್ಪ ಓದಿಕೊಂಡೇನ್ರಿ,” ಎಂದಳು.

ಮರುದಿನ ಮುಂಜಾನೆ ಊರ ಹೆಂಗಸರೆಲ್ಲ ಹುತ್ತಕ್ಕೆ ಹಾಲೆರೆಯಲು ಹೊರಟಾಗ ಅಪ್ಪ ಅವಳನ್ನು ನಿಪ್ಪಾಣಿಗೆ ಕರೆದೊಯ್ದು ಬಸ್ಸು ಹತ್ತಿಸಿ ಬಂದ. ಅವಳು ಪಾಲಬಾವಿ ಮುಟ್ಟಲಿಲ್ಲ. ಚಿಕ್ಕೋಡಿಯಲ್ಲಿ ಇಳಿದು, ತನ್ನ ಜೋಡಿ ಶಾಲೆ ಕಲಿತ ಹಸೀನಾ ಎಂಬ ಗೆಳತಿಯ ಮನೆಗೆಂದು ಕರೋಶಿಗೆ ಹೋದಳು. ಅವರದು ಹೊಲಿಗೆಯವರ ಮನೆ. ಹೆತ್ತವರು ಅಡ್ಡ ನಿಂತ ಬಾಗಿಲನ್ನು ಅವರು ಏನೂ ಕೇಳದೆ ತೆರೆದರು. ಅತ್ತಿ ಹೊಲಿಗೆ ಕಲಿತು, ಪಕ್ಕದಲ್ಲೇ ಒಂದು ಕೋಣೆ ಹಿಡಿದು, ಊರ ಹುಡುಗಿಯರಿಗೆ ಕಲಿಸತೊಡಗಿದಳು. ನಮ್ಮ ಮನೆಯಲ್ಲಿ ಅಜ್ಜ ಅವಳ ಹೆಸರೆತ್ತದಂತೆ ಮಾಡಿದ. ಆಯಿ ಆಮೇಲೆ ತಂಬಿಟ್ಟು ಮಾಡಲಿಲ್ಲ. ಅವಳು ತೋರಿದ ಸಿಟ್ಟು ಅಷ್ಟೇ.

ಚಿಕ್ಕೋಡಿಯಲ್ಲಿ ಕಾಲೇಜಿಗೆ ಸೇರಿದ ವರ್ಷ ನಾನು ಕರೋಶಿಗೆ ಹೋದೆ. ಅತ್ತಿ ಮಷಿನ್ನಿನ ಮುಂದಿನಿಂದ ಎದ್ದು ಬಂದು ನನ್ನ ಗದ್ದ ಹಿಡಿದಳು. ತಪ್ಪಾಯಿತು ಎನ್ನುವಷ್ಟರಲ್ಲಿ ನನಗೆ ಅಳು ಬಂತು. ಅವಳು ನಾನು ಸುಮ್ಮನಾಗುವವರೆಗೂ ಕಾದಳು.

“ನೀ ಹನ್ನೊಂದು ವರ್ಷದಾಕಿ ಇದ್ದಿ, ಬಾಳಾ. ಅಂಜಿದಿ. ನಿಮ್ಮಪ್ಪ ನಿನ್ನ ಹಿಂದ ನಿಂತು ಇಡೀ ಕಾಗದ ಓದಿದ. ಓದಿ, ನನ್ನ ಮಾರಿ ನೋಡಿ, ನೆಲಾ ನೋಡಿದ.”

ಅಂದೇ ಊರಿಗೆ ಹೋಗಿ ಅಪ್ಪನನ್ನು ಕೇಳಿದೆ. ಅವನು ಚಹಾ ಕುದಿಯಿತೇನು ನೋಡು ಎಂದ. ಸಾಯುವವರೆಗೂ ಅವನು ಕೊಟ್ಟ ಉತ್ತರ ಅದೊಂದೇ. ಅಜ್ಜ ಹಳೆಯ ಕಾಲದವನು ಎಂದು ಜನ ಹೇಳುತ್ತಾರೆ, ಇರಬಹುದು. ಓದಲು ಬಂದೂ ಬಾಯಿ ಮುಚ್ಚಿ ನಿಂತ ಅಪ್ಪನಿಗೆ ಯಾವ ಕಾಲದ ನೆವ ಹೇಳಲಿ? ಅವನನ್ನು ನಾನು ಇನ್ನೂ ಕ್ಷಮಿಸಿಲ್ಲ.

ತೊಂಬತ್ತರ ದಶಕ ಮುಗಿಯುವಾಗ ಅತ್ತಿ ಕಾಮಣಿ ಬೇನೆಯಿಂದ ತೀರಿಕೊಂಡಳು. ಹೊಲಿಗೆ ಕಲಿತ ಹುಡುಗಿಯರು ಓಣಿಯ ತುಂಬ ನಿಂತಿದ್ದರು. ಹಸೀನಾ ತಲೆದೆಸೆ ಬಿಟ್ಟು ಏಳಲಿಲ್ಲ. ಹೆಣ್ಣುಮಗಳನ್ನು ಮಣ್ಣಿಗೆ ಕಳಿಸುವಾಗ ತವರಿನ ಸೀರೆ ಹೊದಿಸಬೇಕು. ಒಬ್ಬ ಮುದುಕಿ ಗುಂಪಿನತ್ತ ತಿರುಗಿ, ತವರ ಕಡೆಯಿಂದ ಯಾರರ ಬಂದಾರೇನು ಎಂದು ಕೇಳಿದಳು. ನಾನು ಚೀಲದಿಂದ ಹಸಿರು ಇಳಕಲ್ ಸೀರೆ ತೆಗೆದು ಮುಂದೆ ಹೋದೆ.

“ಬಂದೇನ್ರಿ,” ಎಂದೆ.